ಎರಡು ತೂತಿನ ಶಿರಸ್ತ್ರಾಣ

ಸ್ಟ್ಯಾನ್ಮೋರ್, ಲಂಡನ್
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಪರಪ್ಪಾ,

ಧಾರವಾಡದಲ್ಲಿ ಎಲ್ಲರೂ ಹೇಗಿದ್ದೀರಿ? ಅವ್ವನ ಮಂಡಿನೋವು ಇಳಿಯಿತೇ? ನಿನ್ನ ಸಕ್ಕರೆ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಇಲ್ಲಿ ಶ್ರೀಲತಾ, ಮಗಳು ಇಂಚರಾ ಚೆನ್ನಾಗಿದ್ದಾರೆ. ಫೋನ್ ಮಾಡಿದರೆ ಅವ್ವ ಸ್ಪೀಕರ್ ಹಾಕಿಸಿಕೊಂಡು ಕೂತುಬಿಡುತ್ತಾಳೆ. ಅದಕ್ಕೇ ಕಾಗದ ಬರೆದು ಅದರ ಫೋಟೊ ನಿನ್ನ ಫೋನಿಗೆ ಕಳಿಸುತ್ತಿದ್ದೇನೆ. ನಗಬೇಡ, ನಿಮ್ಮಣ್ಣ ಗ್ಲಾಡಿಯೇಟರ್ ಆಗಿದ್ದಾನೆ! ಆಸ್ಪತ್ರೆಯ ನಾವು ಎಂಟು ಜನ ಸೇರಿ ದೇಣಿಗೆಗಾಗಿ ಹಳೆಯ ರೋಮಿನ ಕಾಳಗ ಆಡಿ ತೋರಿಸಲಿದ್ದೇವೆ. ನನ್ನದು ಸೆಕ್ಯೂಟರ್ ಎಂಬ ವೇಷ. ದೊಡ್ಡ ಗುರಾಣಿ, ಗಿಡ್ಡ ಕತ್ತಿ, ತಲೆಗೆ ಕೊಡಪಾನದಂಥ ಶಿರಸ್ತ್ರಾಣ. ಎದುರಾಳಿಯ ಬಲೆ ಸಿಕ್ಕಿಕೊಳ್ಳಬಾರದೆಂದು ಅದು ನುಣ್ಣಗಿರುತ್ತದೆ, ತ್ರಿಶೂಲ ತೂರಬಾರದೆಂದು ಕಣ್ಣಿಗೆ ಎರಡೇ ಪುಟ್ಟ ತೂತು. "ಡ್ಯಾಡ್, ಯು ಲುಕ್ ಲೈಕ್ ಎ ಕುಕ್ಕರ್" ಅಂದಳು ಇಂಚರಾ.

ನಿನ್ನೆ ವೆಂಬ್ಲಿಯ ಸಭಾಂಗಣವೊಂದರಲ್ಲಿ ತಾಲೀಮು. ಒಬ್ಬೊಬ್ಬರೂ ಅದನ್ನು ಹಾಕಿಕೊಂಡು, ಅಕ್ಕಪಕ್ಕ ಏನೂ ಕಾಣುವುದಿಲ್ಲವೆಂದು ಕೂಗಿ ಕಿತ್ತುಹಾಕಿದರು. ನಾನು ಹಾಕಿಕೊಂಡೆ. ನನಗೆ ಏನೂ ಬದಲಾಗಲಿಲ್ಲ ಪರಪ್ಪಾ. ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಅಷ್ಟೇ ಕಾಣುತ್ತದೆ. "ಹುಟ್ಟಾ ಗ್ಲಾಡಿಯೇಟರ್ ರೀ ನೀವು!" ಎಂದು ಸಹೋದ್ಯೋಗಿ ಮಧುಸೂದನ್ ಬೆನ್ನು ತಟ್ಟಿದರು. ನಾನು ಶಿರಸ್ತ್ರಾಣವನ್ನು ಅವರ ಕೈಗೆ ಕೊಟ್ಟು ಹೊರಟುಬಿಟ್ಟೆ.

ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಬೆರಳನ್ನು ಕಿವಿಯ ಪಕ್ಕದಿಂದ ಮುಂದಕ್ಕೆ ತಂದು ನೋಡಿದೆ. ಮೂಗಿನ ನೇರಕ್ಕೆ ಬರುವವರೆಗೂ ಬೆರಳು ಕಾಣಲಿಲ್ಲ. ಗ್ಲಾಕೋಮಾ ಇರಬೇಕು. ನೋವಿಲ್ಲ, ಸುಳಿವಿಲ್ಲ, ನೋಟವನ್ನು ಅಂಚಿನಿಂದ ತಿಂದುಕೊಂಡು ಬರುತ್ತದೆ. ಕಣ್ಣಿನ ತಪಾಸಣೆಗೆ ಕರೆದ ಕಾಗದಗಳನ್ನೆಲ್ಲ ನಾನೇ ಡಾಕ್ಟರ್ ಎಂಬ ಜಂಬದಲ್ಲಿ ಮೂಲೆಗೆಸೆದಿದ್ದೆ. ಹೆದರಿಕೆಯಾಗುತ್ತಿದೆಯೋ ತಮ್ಮಾ, ಬಹಳ ಹೆದರಿಕೆ. ಮದುವೆಮನೆಗಳಲ್ಲಿ ಅಪ್ಪ ಪಕ್ಕದಲ್ಲಿದ್ದವರನ್ನು ಮಾತಾಡಿಸದೆ ಹೋದಾಗ "ಮಾಸ್ತರಗ ಸೊಕ್ಕು ಬಾಳ" ಎನ್ನುತ್ತಿದ್ದರಲ್ಲ, ನಾವೂ ಹಾಗೇ ಅಂದುಕೊಂಡೆವಲ್ಲ. ಪಾಪ, ಅವರಿಗೆ ಕಾಣುತ್ತಲೇ ಇರಲಿಲ್ಲವೋ ಏನೋ.

ಕಾರಿನ ಕೀಲಿ ಶ್ರೀಲತಾಳ ಕೈಗೆ ಕೊಟ್ಟಿದ್ದೇನೆ, ಯಾಕೆಂದು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಅವ್ವನ ಕಾಲಿಗೆ ನನ್ನ ನಮಸ್ಕಾರ, ಇದನ್ನು ಮಾತ್ರ ಅವಳಿಗೆ ಓದಿ ಹೇಳಬೇಡ. ಮಕ್ಕಳು ಸುಖವಾಗಿರಲಿ.

ನಿನ್ನ ಅಣ್ಣ,
ಶರಣಬಸವ

ತಾ.ಕ.: ಈ ರೋಗ ಮನೆತನದಲ್ಲಿ ಇಳಿದು ಬರುತ್ತದೆ. ಯುಗಾದಿಗೆ ನಾನು ಬಂದಿದ್ದಾಗ ನೀನು ಗೇಟಿನ ಕಂಬಕ್ಕೆ ಎರಡು ಸಲ ಗಾಡಿ ಉಜ್ಜಿದೆ, ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನೀನು ಓಡಿಸುವುದು ಶಾಲೆಯ ವ್ಯಾನು ಪರಪ್ಪಾ, ಅದರಲ್ಲಿ ಹದಿನಾಲ್ಕು ಕೂಸುಗಳು. ಹಿರಿಯವ ನಾನು ಕೈ ಮುಗೀತೀನಿ, ನಾಳಿ ಮುಂಜಾನಿ ಗಾಡಿ ತಗೀಬ್ಯಾಡ.