ಕಾವ್ಯ ಎಂಬವಳು ನಮ್ಮ ಮನೆಯಲ್ಲಿಲ್ಲ

ತರೀಕೆರೆ,
ಶುಕ್ರವಾರ, 14-11-2025

ತಮ್ಮ ಮುಕ್ತಿಯಾರ್‌ಗೆ ನಿನ್ನ ಆಪಾ ಶರೀಫುನ್ನೀಸಾ ಹೇಳುವ ಸಲಾಮು.

ನಿನ್ನ ಬೆನ್ನುನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತಿದ್ದೀಯಾ? ಎಷ್ಟೇ ಸಿಟ್ಟಿದ್ದರೂ ಮೊದಲು ಆರೋಗ್ಯ ಕೇಳಬೇಕೆಂದು ಅಮ್ಮಿ ಕಲಿಸಿದ್ದು, ಅದಕ್ಕೆ ಕೇಳಿದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ ಒಂದು ಸಲವೂ ‘ಫೋನಲ್ಲಿ ಏನೂ ಮಾತಾಡ್ಬೇಡ ಆಪಾ, ರೆಕಾರ್ಡ್ ಆಗುತ್ತೆ’ ಎಂದು ಇಟ್ಟುಬಿಟ್ಟೆ. ಕಾಗದ ರೆಕಾರ್ಡ್ ಆಗುವುದಿಲ್ಲವಲ್ಲ, ಕೂತು ಓದು. ಮನೆಯಲ್ಲಿ ಆಡುವ ಮಾತು ಬೇರೆಯಾದರೂ ನಿನಗೂ ನನಗೂ ಬರೆಯಲು ಬರುವುದು ಬುಕ್ಕಾಂಬುಧಿ ಶಾಲೆಯಲ್ಲಿ ಕಲಿತ ಈ ಕನ್ನಡ ಒಂದೇ. ತಪ್ಪಿದ್ದರೆ ತಿದ್ದಿಕೋ.

ಅರ್ಫಾಳ ಅಬ್ಬಾ ತೀರಿಕೊಂಡ ಮೇಲೆ ನೀನು ದಾವಣಗೆರೆಯಿಂದ ಬಂದು, ‘ನಿನ್ ಮಗಳಿಗೆ ಮನೇಲೇ ಕೂತು ಮಾಡೋ ಕೆಲಸ, ಹೊಸ್ತಿಲು ದಾಟೋ ಹಂಗಿಲ್ಲ’ ಎಂದಾಗ ನಾನು ಐದು ಹೊತ್ತೂ ನಿನಗಾಗಿ ದುವಾ ಮಾಡಿದೆ. ನನ್ನ ಮಗಳು ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಕೇಳಿದರೆ ಗಿರಾಕಿಗಳ ವಿಳಾಸ ಬರೆದುಕೊಳ್ಳುವ ಕೆಲಸ ಎನ್ನುತ್ತಿದ್ದಳು. ಅಜಾನ್ ಹೊತ್ತಿಗೆ ಎದ್ದು ಕಿಟಕಿ ಮುಚ್ಚುವಳು. ಧೂಳು ಬರುತ್ತದೆ ಎಂದಳು, ನಂಬಿದೆ. ನಾನು ಕುರಾನ್ ಓದುತ್ತಿದ್ದರೆ ಬಾಗಿಲು ಸಂದಿಯಿಂದ ‘ಅಮ್ಮೀ, ಸ್ವಲ್ಪ ಮೆಲ್ಲಗೆ’ ಎನ್ನುವಳು. ಅದನ್ನೂ ನಂಬಿ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ತುಟಿಯಲ್ಲೇ ಓದಿಕೊಂಡೆ. ಈಗ ಗೊತ್ತಾಯಿತು, ಹಿಂದಿನಿಂದ ಆ ಸದ್ದು ಕೇಳಿದರೆ ಗಿರಾಕಿಗೆ ಅನುಮಾನ ಬರುತ್ತದೆಂದು ನಿನ್ನ ಕಂಪನಿಯವರು ಅವಳನ್ನು ಬೈದಿದ್ದರಂತೆ. ಆ ಕಂಪ್ಯೂಟರ್ ಕೇಳದೆಯೇ ಕೋಣೆಯ ಫೋಟೊ ತೆಗೆದು ಅವರಿಗೆ ಕಳಿಸುತ್ತದಂತೆ. ನಾನು ಸ್ನಾನ ಮಾಡಿ ತಲೆಗೂದಲು ಬಿಟ್ಟುಕೊಂಡು ಬಟ್ಟೆ ತೆಗೆಯಲು ಒಳಗೆ ಹೋಗಿದ್ದೂ ಅದರಲ್ಲಿ ಬಂದು, ‘ಹಿಂದೆ ಇರೋ ಹೆಂಗಸು ಯಾರು’ ಎಂದು ಯಾವನೋ ಕೇಳಿದನಂತೆ. ಇಷ್ಟು ವರ್ಷ ಬೀದಿಯಲ್ಲಿ ಸೆರಗು ಜಾರದ ಹಾಗೆ ನಡೆದವಳು ನಾನು. ಹೊಸ್ತಿಲು ದಾಟುವ ಹಾಗಿಲ್ಲ ಎಂದೆಯಲ್ಲ, ಊರಿನ ಕಣ್ಣನ್ನೇ ಹೊಸ್ತಿಲು ದಾಟಿಸಿ ಒಳಗೆ ತಂದು ಕೂರಿಸಿದೆ.

ಎಲ್ಲ ತಿಳಿದದ್ದು ಒಂದು ಫೋನಿನಿಂದ. ಯಗಟಿಯಿಂದ ಯಶೋದಾ ಎಂಬ ಹೆಂಗಸು ನನ್ನ ನಂಬರಿಗೆ ಮಾಡಿ, ‘ಡಾಕ್ಟರ್ ಕಾವ್ಯ ಇದ್ದಾರೇನ್ರೀ’ ಎಂದಳು. ಕಾವ್ಯ ಎಂಬವಳು ನಮ್ಮ ಮನೆಯಲ್ಲಿಲ್ಲ, ರಾಂಗ್ ನಂಬರ್ ಎಂದೆ. ‘ಇದೇ ನಂಬರ್ ಕೊಟ್ಟವ್ಳೆ ಕಣ್ರೀ. ನಮ್ ಮಾವನ ಕಾಲು ಕೊಳೀತಾ ಐತೆ, ಅವಳನ್ನ ಕರೀರಿ’ ಎಂದು ಅಳತೊಡಗಿದಳು. ಪಕ್ಕದಲ್ಲಿ ರೊಟ್ಟಿ ತಟ್ಟುತ್ತಿದ್ದ ಅರ್ಫಾಳ ಕೈ ನಿಂತುಹೋಯಿತು. ಆ ಮುಖ ನೋಡಿದ ಮೇಲೆ ನಾನು ಬೇರೇನೂ ಕೇಳಬೇಕಾಗಲಿಲ್ಲ. ಸಕ್ಕರೆ ಕಾಯಿಲೆಗೆ ಬೇರಿನ ಪುಡಿ ಮಾರುವ ಕೆಲಸವಂತೆ. ‘ಆರೋಗ್ಯ ಸಲಹೆಗಾರ್ತಿ ಕಾವ್ಯ ಮಾತಾಡ್ತಿದ್ದೀನಿ, ಬೆಂಗಳೂರಿಂದ’ ಎನ್ನಬೇಕಂತೆ. ಜನ ಡಾಕ್ಟರಮ್ಮ ಎಂದರೆ ಅಲ್ಲ ಎನ್ನಬಾರದಂತೆ. ಈ ಪುಡಿ ತೆಗೆದುಕೊಂಡರೆ ಮಾತ್ರೆ ಬೇಕಿಲ್ಲ ಎಂದು ಬರೆದುಕೊಟ್ಟದ್ದನ್ನು ಓದಬೇಕಂತೆ. ಯಶೋದಾಳ ಮಾವ ಬಸವರಾಜಪ್ಪನವರಿಗೆ ಅವಳು ಅದನ್ನೂ ಓದಿದ್ದಾಳೆ. ಆದರೆ ಆ ಮುದುಕರು ನಮ್ಮ ಕಡೆಯವರಲ್ಲವೇ, ಸುಮ್ಮನೆ ಫೋನಿಡುವರೇ? ‘ಬೆಂಗಳೂರೇನವ್ವ, ನಿನ್ ಮಾತು ನಮ್ ಕಡೂರ್ ಸೀಮೇದಿದ್ದಂಗೈತಲ್ಲ, ಯಾರ ಮಗಳು ನೀನು’ ಎಂದು ಕೇಳಿದರಂತೆ. ಅಬ್ಬಾನನ್ನು ಕಳೆದುಕೊಂಡ ಹುಡುಗಿ, ಕರಗಿಹೋದಳು. ‘ಕಾಲಿಗೆ ಏನಾದರೂ ಆದರೆ ಇದಕ್ಕೆ ಮಾಡಿ ಅಜ್ಜಾ’ ಎಂದು ನನ್ನ ನಂಬರು ಕೊಟ್ಟುಬಿಟ್ಟಳು. ನಿನ್ನ ಕಂಪನಿ ಇಡೀ ಕೆಲಸದಲ್ಲಿ ಅವಳ ತಪ್ಪು ಎಂದು ಹಿಡಿದದ್ದು ಇದೊಂದನ್ನೇ.

ಮಾರನೆಯ ದಿನವೇ ಅವಳನ್ನು ಕರೆದುಕೊಂಡು ಕಡೂರಿನ ಆಸ್ಪತ್ರೆಗೆ ಹೋದೆ. ಬಸವರಾಜಪ್ಪನವರ ಕಾಲಿನ ಎರಡು ಬೆರಳು ತೆಗೆದಿದ್ದರು. ಬುರ್ಖಾದಲ್ಲಿ ನಿಂತ ನಮ್ಮಿಬ್ಬರನ್ನು ನೋಡಿ ಮುದುಕರಿಗೆ ಗುರುತು ಹತ್ತಲಿಲ್ಲ. ಅರ್ಫಾ ‘ಅಜ್ಜಾ’ ಎಂದಳು, ಅಷ್ಟೇ. ‘ಲೇ ಯಶೋದಾ, ಡಾಕ್ಟರಮ್ಮ ಬಂದವ್ಳೆ ಕಣೇ, ಕುರ್ಚಿ ಹಾಕು’ ಎಂದರು. ಸೊಸೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ಮಾತ್ರೆ ಬಿಡು ಅಂದೋಳಿಗೆ ಕುರ್ಚಿ ಬ್ಯಾರೆ ಕೇಡು’ ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಕುರ್ಚಿಯಲ್ಲೇ ಹೊಡೆಯುತ್ತಿದ್ದೆ. ಮುದುಕರು ಹೆಸರು ಕೇಳಿದರು. ಅರ್ಫಾ ಎಂದಳು. ‘ಮತ್ತೆ ಅವತ್ತು ಕಾವ್ಯ ಅಂದ್ಯಲ್ಲ’ ಎಂದರು. ನನ್ನ ಮಗಳು ಅವರ ಹಾಸಿಗೆಯ ಕಬ್ಬಿಣ ಹಿಡಿದುಕೊಂಡು ನಿಂತಿದ್ದಳು.

ಅಲ್ಲಿಂದ ಬಂದು ನಿನಗೆ ಫೋನು ಮಾಡಿದೆ. ನೀನು ನಕ್ಕೆ. ‘ಕಾವ್ಯ ಎಲ್ಲವ್ಳೆ ತೋರ್ಸು ಆಪಾ, ಇಲ್ಲದೋಳ ಮೇಲೆ ಯಾರು ಕೇಸ್ ಹಾಕ್ತಾರೆ? ನಿನ್ ಸಿಮ್ ಮುರಿದು ಬಿಸಾಕು’ ಎಂದೆ, ರೆಕಾರ್ಡ್ ಆಗುತ್ತೆ ಎಂದು ಅಲ್ಲಿಗೇ ಇಟ್ಟುಬಿಟ್ಟೆ. ಆ ಹೆಸರಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಬೀದಿಯಲ್ಲೇ ಒಬ್ಬಳು ಕಾವ್ಯ ಇದ್ದಾಳೆ, ಹಬ್ಬಕ್ಕೆ ಹೋಳಿಗೆ ತಂದುಕೊಡುತ್ತಾಳೆ. ಅರ್ಫಾ ಎಂದರೆ ಯಾರೂ ಪುಡಿ ಕೊಳ್ಳುವುದಿಲ್ಲ ಎಂದು ಲೆಕ್ಕ ಹಾಕಿದಿರಲ್ಲ, ಅದಕ್ಕೆ ಸಿಟ್ಟು. ಆ ಮುದುಕರು ಬುರ್ಖಾ ನೋಡಿದ ಮೇಲೂ ಕುರ್ಚಿ ಹಾಕಿಸಿದರು, ತಿಳಿದುಕೋ. ಅವಳು ಹುಟ್ಟಿದಾಗ ಅವಳ ಅಬ್ಬಾ ಲಾರಿಯ ಮೇಲೆ ದೂರ ಹೋಗಿದ್ದರು. ಮೀಸೆ ಚಿಗುರದ ನೀನೇ ಕೈಕಾಲು ಮುಖ ತೊಳೆದು ವುಜೂ ಮಾಡಿ ಬಂದು, ಅವಳ ಬಲಗಿವಿಯಲ್ಲಿ ಅಜಾನ್ ಹೇಳಿ, ಅರ್ಫಾ ಎಂದು ಹೆಸರಿಟ್ಟವನು. ನಿನ್ನ ದನಿ ನಡುಗುತ್ತಿತ್ತು, ನನಗೆ ಇನ್ನೂ ನೆನಪಿದೆ. ಅದೇ ಬಾಯಿಂದ ಇನ್ನೊಂದು ಹೆಸರು ಕೊಟ್ಟು, ಅಜಾನ್ ಕೇಳದ ಹಾಗೆ ಕಿಟಕಿ ಮುಚ್ಚಿಸಿದೆ. ಲೆಕ್ಕ ಒಪ್ಪಿಸುವ ಕಿಯಾಮತ್ ದಿನ ಹೆಸರು ಹಿಡಿದು ಕೂಗುತ್ತಾರೆ ಎಂದು ನಮ್ಮ ಅಬ್ಬಾ ಹೇಳುತ್ತಿದ್ದರು. ಕಾವ್ಯ ಎಂದು ಕೂಗಿದಾಗ ಯಾರು ಏಳಬೇಕು, ನೀನೇ ಹೇಳು.

ಈಗ ಕಂಪನಿಯವರು, ಬಾಯಿ ಬಿಟ್ಟರೆ ಗಿರಾಕಿಯ ಗುಟ್ಟು ಹೊರಹಾಕಿದಳೆಂದು ಅವಳ ಮೇಲೇ ಕೇಸು ಎಂದು ಹೆದರಿಸಿದ್ದಾರೆ. ಅವರ ಕರಾರಿಗೆ ಫೋನಿನಲ್ಲೇ ಒಪ್ಪಿಗೆ ಒತ್ತಿದ್ದಾಳಂತೆ, ಓದದೆ. ಕಡೂರಿನ ವಕೀಲ ರುದ್ರಮೂರ್ತಿಯವರನ್ನು ಕೇಳಿದೆ. ‘ಹೆಸರು ಅವರದ್ದಿರಬಹುದು ಕಣಮ್ಮ, ಗಂಟಲು ಇವಳದ್ದು. ಬಚ್ಚಿಟ್ಟರೆ ಎಲ್ಲ ಇವಳ ತಲೆಗೇ ಕಟ್ತಾರೆ. ಹೇಳಿದರೆ ಏನೂ ಆಗಲ್ಲ ಅಂತ ಮಾತ್ರ ನಾನು ಮಾತು ಕೊಡಲ್ಲ’ ಎಂದರು. ಅಷ್ಟು ನೇರವಾಗಿ ನೀನು ಒಂದು ಸಲವಾದರೂ ಮಾತಾಡಿದ್ದರೆ ಸಾಕಿತ್ತು.

ಕಿಟಕಿ ಈಗ ತೆರೆದೇ ಇದೆ. ಮಕ್ಕಳಿಗೆ ನನ್ನ ಮುತ್ತು ಕೊಡು, ನಿನ್ನ ಹೆಂಡತಿಗೆ ಸಲಾಮು ಹೇಳು. ಅಲ್ಲಾಹ್ ನಿನಗೆ ಆರೋಗ್ಯ ಕೊಡಲಿ, ಅದರ ಜೊತೆ ನಾಚಿಕೆಯನ್ನೂ ಕೊಡಲಿ.

ಇಂತಿ ನಿನ್ನ ಆಪಾ,
ಶರೀಫುನ್ನೀಸಾ

ಮತ್ತೆ: ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬರುವ ಗುರುವಾರ ಯಶೋದಾ ಕಡೂರಿನಲ್ಲಿ ದೂರು ಕೊಡುತ್ತಾಳೆ. ಅರ್ಫಾ ಅವಳ ಜೊತೆ ಹೋಗಿ ಹೇಳಿಕೆ ಬರೆಸುತ್ತಾಳೆ, ಹಾಗೆಂದು ಅವಳೇ ಹೇಳಿದಳು, ನಾನು ಹೇಳಿಕೊಟ್ಟದ್ದಲ್ಲ. ಪೊಲೀಸರು ಅವಳನ್ನು ‘ನಿನ್ನ ಹೆಸರೇನು, ತಂದೆ ಯಾರು, ಕೆಲಸಕ್ಕೆ ಸೇರಿಸಿದ್ದು ಯಾರು’ ಎಂದು ಕೇಳುತ್ತಾರಂತೆ. ಮೊದಲ ಎರಡಕ್ಕೆ ಅವಳು ಉತ್ತರ ಕೊಡುತ್ತಾಳೆ. ಬುಧವಾರದೊಳಗೆ ನೀನು ಬಂದರೆ ಮೂರನೆಯದಕ್ಕೆ ನೀನೇ ಉತ್ತರ ಕೊಡು. ಬರದಿದ್ದರೆ ನಿನ್ನ ಹೆಸರು ನಾನು ಹೇಳುತ್ತೇನೆ. ಕಿವಿಯಲ್ಲಿ ಅಜಾನ್ ಹೇಳಿದ ಮಾಮುವಿನ ಹೆಸರನ್ನು ಅವಳ ಬಾಯಿಂದ ಹೇಳಿಸುವುದಿಲ್ಲ.