ಅವಳು ಯಾರ ಕಡೆ?

ವಾಗುರ್
೯ ನವೆಂಬರ್ ೧೯೩೮

ನನ್ನ ಮಾರ್ಯುನ್‌ಗೆ ಸುನ್ನುವಾಳ ವಂದನೆಗಳು.

ನಿನ್ನ ಕಾಗದ ಬಂದು ವಾರವಾಯಿತು. ನಿನ್ನ ಕಥೆ ಅಚ್ಚಾಗುತ್ತದಂತೆ, ಸಂತೋಷ. ಅದರಲ್ಲಿರುವ ಮೀನುಕಟ್ಟೆಯ ಮೇಸ್ತ್ರಿ ಹೆಂಗಸು ನಮ್ಮ ಹನ್ಸೀನಾ ಅತ್ತೆಯೇ ಎಂದು ಊರಿಗೆಲ್ಲ ಗೊತ್ತು, ಅದಕ್ಕೆ ಅವಳ ಒಪ್ಪಿಗೆ ಕೇಳು ಎಂದಿದ್ದೀಯ. ಅತ್ತೆ ಇನ್ನೂ ಏನೂ ಹೇಳಿಲ್ಲ. ಮೀನು ತೊಳೆಸುವ ಕೆಲಸ ಬಹಳವಿದೆ ಅವಳಿಗೆ.

ಅವಳು ನನ್ನನ್ನು ಸಾಕಿದವಳು. ಅವಳನ್ನು ಕಥೆಗೆ ಮೊದಲು ತಂದವಳೂ ನಾನೇ. ಕಳೆದ ಚಳಿಗಾಲ ಎಲ್ಲರೂ ಹೆಣೆಯಲು ನಮ್ಮ ಮನೆಯಲ್ಲಿ ಸೇರಿದಾಗ ಓದಿದೆನಲ್ಲ. ನನ್ನ ಕಥೆಯಲ್ಲಿ ಅವಳು ಮೊದಲ ಪುಟದಲ್ಲೇ ಅನಾಥ ಹುಡುಗಿಗೆ ಬಿಸಿ ಹಾಲು ಕೊಟ್ಟು ತಲೆ ಸವರಿದಳು. ಹೆಣಿಗೆಯ ಕಡ್ಡಿಗಳು ಒಂದು ಕ್ಷಣವೂ ನಿಲ್ಲಲಿಲ್ಲ. ಪಕ್ಕದ ಮನೆಯ ಎಲ್ಸ್‌ಪಾ, "ಪಾಪ, ಒಳ್ಳೇ ಮುದುಕಿ ಕಣೇ. ಯಾರಾದ್ರೂ ಕಾಫಿಗಿಡ್ರೇ" ಅಂದಳು.

ಮರುವಾರ ನೀನು ಓದಿದೆ. ನಿನ್ನ ಕಥೆಯಲ್ಲಿ ಅವಳು ಯಾರೊಡನೆಯೂ ಮಾತಾಡುವುದಿಲ್ಲ. ಕೆಲಸಕ್ಕೆ ಬಂದ ಹುಡುಗಿ ತೊಳೆದ ಮೀನನ್ನು ಮತ್ತೆ ತೊಟ್ಟಿಗೆ ಎಸೆಯುತ್ತಾಳೆ. ಹಡಗಿನ ಕಪ್ತಾನನೊಬ್ಬ ಹುಡುಗಿಯ ಕೈ ಹಿಡಿದೆಳೆಯುವಾಗ ಚೂರಿಯೊಂದಿಗೆ ಎದ್ದು ನಿಲ್ಲುತ್ತಾಳೆ. "ಏ, ಇವ್ಳು ಯಾರ್ ಕಡೆಯೇ?" ಎಂದು ಎಲ್ಸ್‌ಪಾ ಕಿರುಚಿದಳು. ಕಡ್ಡಿಗಳೆಲ್ಲ ನಿಂತವು. ಅವಳು ನಿಧಾನಕ್ಕೆ ನಡೆದು ಹುಡುಗಿಯ ಪಕ್ಕ ನಿಂತಾಗ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ನಾನೂ ಬಿಟ್ಟೆ. ಅದೇ ನನಗೆ ತಡೆಯಲಾಗದ್ದು. ಅತ್ತೆ ಮಾತ್ರ ಮೂಲೆಯಲ್ಲಿ ಮತ್ತೆ ಹೆಣೆಯತೊಡಗಿದಳು.

ನೀನು ಅವಳನ್ನು ಕಂಡರೆ ನಡುಗುತ್ತಿದ್ದೆ, ನಮ್ಮ ಬಾಗಿಲು ತಟ್ಟಲೂ ಹೆದರುತ್ತಿದ್ದೆ. ಆ ಭಯವನ್ನೇ ಬರೆದೆ. ಅವಳ ಮಡಿಲಲ್ಲಿ ಮಲಗಿದ ನನಗೆ ಭಯ ಎಲ್ಲಿಂದ ಬರಬೇಕು? ನನ್ನ ಅತ್ತೆಯಲ್ಲಿ ನನಗೆ ಕಾಣದ್ದನ್ನು ನೀನು ಬೇಲಿಯಾಚೆ ನಿಂತು ಕಂಡೆ. ಇದು ನ್ಯಾಯವೇ?

ಬೇರೆ ಯಾರನ್ನಾದರೂ ಹಾಕಿಕೊಂಡು ಬರೆ. ನೀನಿರುವ ತೋರ್ಸ್‌ಹಾವ್ನ್‌ನಂಥ ಪಟ್ಟಣದಲ್ಲಿ ಹೆದರಿಸುವ ಹೆಂಗಸರಿಗೆ ಬರವೇ?

ಗಾಳಿ ಜೋರು, ಕಿವಿ ಮುಚ್ಚಿಕೊಂಡು ಓಡಾಡು.

ಸಿಟ್ಟಿದ್ದರೂ ನಿನ್ನವಳೇ,
ಸುನ್ನುವಾ

ತಾ.ಕ.: ಮೇಲೆ ಬರೆದದ್ದನ್ನು ಹಾಗೇ ಕಳಿಸಲು ಮನಸ್ಸಾಗಲಿಲ್ಲ. ಕೇಳಿದ ದಿನವೇ ಅತ್ತೆ ಒಪ್ಪಿದಳು. "ಅಚ್ಚು ಹಾಕ್ಸ್ಲಿ. ಆದ್ರೆ ಕಥೇಲಿ ಎಲ್ಲೂ ನನ್ನ ನಗಿಸ್ಬಾರ್ದು ಅಂತ ಹೇಳು ಆ ಹುಡ್ಗೀಗೆ" ಎಂದಳು. ನಿನಗೆಂದು ಕೈಗವಸು ಹೆಣೆದು ಕೊಟ್ಟಿದ್ದಾಳೆ. ಈ ಕಾಗದದ ಜೊತೆ ಹುಡುಕಬೇಡ. ಅವನ್ನು ಹಾಕಿಕೊಂಡೇ ಇದನ್ನು ಬರೆದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.