ಖಾಯಂ ಮನೆ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ,
ಅಬುಧಾಬಿ.
೧೪ ನವೆಂಬರ್ ೨೦೨೫, ಶುಕ್ರವಾರ

ಸಾಕ್ಷಿಯ ಅಪ್ಪನಿಗೆ ನೀಲಾಂಬಿಕಾ ಮಾಡುವ ನಮಸ್ಕಾರಗಳು.

ಆರೋಗ್ಯ ಹೇಗಿದೆ? ಎಡಮೊಣಕಾಲಿನ ನೋವು ನಿಜವಾಗಿಯೂ ಕಡಿಮೆಯಾಯಿತೇ, ಇಲ್ಲ ನನ್ನ ಬಾಯಿ ಮುಚ್ಚಿಸಲು ಫೋನಿನಲ್ಲಿ "ಆರಾಮ ಅದೀನಿ" ಎನ್ನುತ್ತಿದ್ದೀರೋ? ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಚಳಿ ಶುರುವಾಗಿರಬೇಕು. ಮೇಲಿನ ಕೋಣೆಯ ಹೀಟರ್ ನಾವಿದ್ದಾಗಲೇ ಕೈಕೊಡುತ್ತಿತ್ತು, ಅದನ್ನು ನಂಬಿಕೊಂಡು ಅಲ್ಲಿ ಮಲಗಬೇಡಿ. ಊಟಕ್ಕೆ ಏನು ಮಾಡಿಕೊಳ್ಳುತ್ತೀರಿ? ದಿನಾ ಬ್ರೆಡ್ಡು ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡಿ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಸೆಕೆ ಇಳಿದಿದೆ, ಸಂಜೆ ಕಿಟಕಿ ತೆಗೆಯಬಹುದು. ಸಾಕ್ಷಿಗೆ ಶಾಲೆಯಲ್ಲಿ ಪರೀಕ್ಷೆ ನಡೆದಿದೆ. ಓದು ಅಂದರೆ "ಐ ನೋ, ಅಮ್ಮ" ಅನ್ನುತ್ತಾಳೆ. ಏನು ಗೊತ್ತೋ ಆ ಶಿವನಿಗೇ ಗೊತ್ತು.

ಇದೇನು, ದಿನಾ ಫೋನು ಇರುವಾಗ ಪತ್ರ ಎನ್ನುತ್ತೀರಿ. ಫೋನಿನಲ್ಲಿ ನಾನು ಹತ್ತು ಮಾತಾಡಿದರೆ ನೀವು ಒಂದೇ ಮಾತು ಆಡುತ್ತೀರಿ, "ಆತು". ಮನೆ ಮಾರುವ ಕಾಗದಕ್ಕೆ ಸಹಿ ಹಾಕಿದಿರಾ ಎಂದರೆ "ಆತು, ಹಾಕೂಣು". ಟಿಕೆಟ್ ಮಾಡಿಸಿದಿರಾ ಎಂದರೆ "ಆತು, ನೋಡೂಣು". ಹತ್ತು ದಿನಕ್ಕೆಂದು ಹೋದವರಿಗೆ ಇನ್ನೂ ಎಷ್ಟು ನೋಡುವುದಿದೆ? ಪಕ್ಕದ ಮನೆಯ ಜಮೀಲಾಳ ತಮ್ಮ ಝಹೀರ್ ಈ ಮಧ್ಯಾಹ್ನ ನ್ಯೂಯಾರ್ಕಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನೂ ಒಂದು ಡಬ್ಬಿ ಶೇಂಗಾ ಚಟ್ನಿಯನ್ನೂ ಕಳಿಸುತ್ತಿದ್ದೇನೆ. ಪತ್ರಕ್ಕಾದರೆ "ಆತು" ಎನ್ನಲು ಬರುವುದಿಲ್ಲ, ಕೊನೆತನಕ ಓದಲೇಬೇಕು.

ಮಂಗಳವಾರ ನಾನು ಫೋನು ಇಟ್ಟುಬಿಟ್ಟದ್ದಕ್ಕೆ ಸಿಟ್ಟಾಗಿರಬಹುದು. ಆಗಿರಿ. ನಾನೂ ಆಗಿದ್ದೆ. ಕೊಳ್ಳುವವರು ತಿಂಗಳ ಕೊನೆಯ ತನಕ ಮಾತ್ರ ಕಾಯುತ್ತೇವೆ ಎಂದಿದ್ದಾರೆ, ನೀವು ನೋಡಿದರೆ ಮೂರು ವಾರದಿಂದ ಒಂದೊಂದೇ ಕೋಣೆ ಗುಡಿಸುತ್ತ ಕೂತಿದ್ದೀರಿ. ಆವತ್ತು ನೀವು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನೀಲಾ, ಅಡಿಗಿಮನಿ ಖಾಲಿ ಮಾಡಾಕ ಕೈ ಬರವಲ್ದು. ಅಕ್ಕಿ ಡಬ್ಬಿ ಏನ ಮಾಡಲಿ?" ಅದಕ್ಕೆ ನಾನು ಏನು ಹೇಳಬೇಕಿತ್ತು? ಆ ಡಬ್ಬಿ ಇಟ್ಟವಳು ನಾನು. ಇಲ್ಲಿಗೆ ಹೊರಟ ದಿನ ಬರಿದಾದ ಅಡಿಗೆಮನೆಗೆ ಬೀಗ ಹಾಕಬಾರದೆಂದು ಅಕ್ಕಿ, ತೊಗರಿಬೇಳೆ, ಒಂದು ಹಿಡಿ ಉಪ್ಪು ಇಟ್ಟು, ದೇವರ ಮುಂದೆ ಹಿತ್ತಾಳೆಯ ದೀಪದ ಸಮೆ ಬಿಟ್ಟು ಬಂದೆ. ಆ ಮನೆ ಹೊಕ್ಕ ದಿನ ಹಾಲು ಉಕ್ಕಿಸಿದ್ದು ನೆನಪಿದೆಯೇ? ಉಕ್ಕಿದ ಹಾಲು ಕರೆಂಟಿನ ಒಲೆಯ ಮೇಲೆ ಸೀದು, ಹೊಗೆ ಎದ್ದು, ಮನೆಯ ಅಲಾರಾಂ ಬಡಿದುಕೊಳ್ಳತೊಡಗಿತು. ನಿಮ್ಮ ಅವ್ವ ಅದನ್ನೇ ಮಂಗಳವಾದ್ಯವೆಂದು ತಿಳಿದು ಕೈಮುಗಿದರು. ನೀವು ಕುರ್ಚಿ ಹತ್ತಿ ಟವೆಲ್ ಬೀಸಿದ್ದೇ ಬೀಸಿದ್ದು. ಅಂಥ ಅಡಿಗೆಮನೆ. ಅದನ್ನು ಬಿಡಲು ನನಗೇನು ಸಂತೋಷವೇ?

ಆದರೆ ನಾವಿಬ್ಬರೂ ಕೂತು ಒಪ್ಪಿಕೊಂಡ ಮಾತು ನಿಮಗೆ ಮರೆತಂತಿದೆ, ಅದಕ್ಕೇ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡ ಮೇಲೆ ಎಲ್ಲಿದ್ದರೂ ವಾಷಿಂಗ್ಟನ್ನಿಗೆ ಲೆಕ್ಕ ಒಪ್ಪಿಸಬೇಕು, ಅದು ನಮಗೆ ಮೊದಲಿನಿಂದ ಗೊತ್ತಿತ್ತು. ಹೊರದೇಶದಲ್ಲಿ ದುಡಿದದ್ದಕ್ಕೆ ಅವರು ಒಳ್ಳೆಯ ವಿನಾಯಿತಿಯನ್ನೂ ಕೊಡುತ್ತಾರೆ. ಗೊತ್ತಿಲ್ಲದ್ದು ರಾಜ್ಯದ ಟ್ಯಾಕ್ಸು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ನ್ಯೂಜೆರ್ಸಿ ಆ ವಿನಾಯಿತಿಯನ್ನು ಒಪ್ಪುವುದಿಲ್ಲ. ಮರಳುಗಾಡಿನಲ್ಲಿ ಕೂತು ಸಮುದ್ರದ ನೀರು ಸಿಹಿ ಮಾಡುವ ಪ್ಲಾಂಟಿನಲ್ಲಿ ನೀವು ದುಡಿದ ಸಂಬಳಕ್ಕೂ ಅವರಿಗೆ ಪಾಲು ಬೇಕು, ಯಾಕೆಂದರೆ ಅವರ ಪ್ರಕಾರ ನಾವಿನ್ನೂ ಅಲ್ಲಿಯವರೇ. ಅವರು ಕಳಿಸಿದ ಪ್ರಶ್ನೆಗಳಲ್ಲಿ ಹಿಂದಿರುಗುವ ಉದ್ದೇಶವಿದೆಯೇ ಅಂತ ಒಂದಿತ್ತು. ನೀವು "ಇದೆ" ಎಂದು ಬರೆದು, ನನ್ನ ಕಡೆ ತಿರುಗಿ, ಇಲ್ಲ ಅಂತ ಹೆಂಗ ಬರೀಲಿ ಎಂದಿರಿ. ನಾನೂ ಹೌದಪ್ಪ ಎಂದೆ. ನಮ್ಮಲ್ಲಿ ಹಿತ್ತಲಿಗೆ ಹೋಗುವವನೂ "ಹೋಗಿ ಬರತೇನಿ" ಅನ್ನುತ್ತಾನೆ. ಬಿಟ್ಟು ಬಂದ ಮನೆಗೆ ಇನ್ನು ಬರುವುದಿಲ್ಲ ಎನ್ನುವುದು ಸತ್ತವರ ಮಾತು. ಹಮ್ದಾನ್ ಸ್ಟ್ರೀಟಿನ ಆಫೀಸಿನಲ್ಲಿ ಅಕೌಂಟೆಂಟ್ ನಿರಂಜನ ಅದನ್ನು ಓದಿ ಹಣೆ ಬಡಿದುಕೊಂಡದ್ದು ನೆನಪಿದೆಯಲ್ಲ? "ಸರ್, ಅವ್ರು ಶಾಸ್ತ್ರ ಕೇಳಿಲ್ರೀ, ಟ್ಯಾಕ್ಸ್ ಕೇಳ್ಯಾರ."

ಅವನು ಹೇಳಿದ್ದು ಮೂರೇ ಮಾತು. ಅಲ್ಲಿ ನಮಗೆ ಮನೆ ಇರಬಾರದು, ಬೇರೆ ಕಡೆ ಖಾಯಂ ಮನೆ ಇರಬೇಕು, ಅಲ್ಲಿಗೆ ಹೋದರೂ ವರ್ಷಕ್ಕೆ ಒಂದು ತಿಂಗಳಿಗಿಂತ ಹೆಚ್ಚು ಇರಬಾರದು. ಹಳೆಯ ವರ್ಷಗಳದ್ದು ಕಟ್ಟಿಯೇ ತೀರಬೇಕು, ಈ ವರ್ಷ ಮುಗಿಯುವುದರೊಳಗೆ ಮನೆ ಕೈಬಿಟ್ಟರೆ ಮುಂದಿನದಾದರೂ ತಪ್ಪುತ್ತದೆ. ಲೈಸೆನ್ಸು, ಓಟಿನ ಪಟ್ಟಿ, ಗ್ಯಾರೇಜಿನ ಕಾರು, ಎಲ್ಲ ಬಿಡಿಸಿಕೊಂಡು ಬರಲು ನೀವು ಹೊರಟಿರಿ. ಮೊನ್ನೆ ತಡೆಯಲಾರದೆ ನಾನೊಬ್ಬಳೇ ನಿರಂಜನನ ಆಫೀಸಿಗೆ ಹೋಗಿದ್ದೆ. ಅಲ್ಲಿಯದು ಸರ್ ನೋಡಿಕೊಳ್ಳುತ್ತಾರೆ, ಇಲ್ಲಿ ನೀವು ನೆಲೆ ನಿಂತದ್ದಕ್ಕೆ ಏನಿದೆ ಎಂದು ಕೇಳಿದ. ಬಾಡಿಗೆಯ ಕರಾರು ಇದೆ, ಕರೆಂಟಿನ ಬಿಲ್ಲು ಇದೆ ಎಂದೆ. ಎರಡೆರಡು ವರ್ಷಕ್ಕೆ ವೀಸಾ ಬದಲಿಸುವ ದೇಶದಲ್ಲಿ ಖಾಯಂ ಎಂದರೆ ಏನಪ್ಪ ಎಂದು ದಬಾಯಿಸಿದೆ. ಪಾಪ, ಅವನೇನು ಮಾಡಿಯಾನು? ಚಹಾ ತರಿಸಿದ. ಆಮೇಲೆ ಮೆಲ್ಲಗೆ ಹೇಳಿದ, "ಮನಿ ಎಲ್ಲೈತಿ ಅಂತ ಕೇಳತಾರ್ರೀ ಅಕ್ಕಾರ. ಬಿಲ್ಡಿಂಗ್ ಎಲ್ಲೈತಿ ಅಂತಲ್ಲ." ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಬಂದ ಮೇಲೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಹಾಲ್‌ನಲ್ಲಿ ಗೋಡೆಗೆ ಒತ್ತಿ ಇಟ್ಟ ನಾಲ್ಕು ಸೂಟ್‌ಕೇಸುಗಳಿಗೆ ನಾನು ಹಾಸಿದ ಕಸೂತಿಯ ಬಟ್ಟೆ ಇದೆಯಲ್ಲ, ಬಂದವರು ಅದನ್ನು ಬೆಂಚು ಎಂದು ತಿಳಿದು ಕೂರುತ್ತಾರೆ. ಮೂರು ವರ್ಷದಿಂದ ಅವನ್ನು ಬಿಚ್ಚಿಲ್ಲ. ಆವತ್ತು ಜಮೀಲಾ ತನ್ನ ಅಡಿಗೆಯ ಮೀನಿನ ವಾಸನೆ ನನಗೆ ಬಡಿಯದಿರಲೆಂದು ಸ್ನಾನ ಮಾಡಿಯೇ ಬಂದಳಂತೆ, ಅದರ ಮೇಲೆ ಕೂತು, ಬಟ್ಟೆ ಎತ್ತಿ ನೋಡಿ ನಕ್ಕಳು. "ಎಂತ ನೀಲಕ್ಕ, ನೀವು ಇಲ್ಲಿ ಮನೆ ಮಾಡಿದ್ದಲ್ಲ, ಲಗೇಜ್ ಇಟ್ಟದ್ದು ಮಾರಾಯ್ರೆ." ನನಗೆ ಚುರುಕ್ಕೆಂದಿತು. ಅವಳೂ ಉಳ್ಳಾಲದಿಂದ ಬಂದವಳೇ, ಅವಳ ವೀಸಾವೂ ಎರಡೇ ವರ್ಷದ್ದು. ಆದರೆ ಅವಳ ಬಾಲ್ಕನಿಯಲ್ಲಿ ಬಸಳೆ ಬಳ್ಳಿ ಛಾವಣಿ ಮುಟ್ಟಿದೆ. ನಾನು ಈ ಮನೆಗೆ ಬಂದಾಗ ಹಾಲು ಉಕ್ಕಿಸಿ ಎಂದು ಊರಿನಿಂದ ಅಕ್ಕ ಫೋನು ಮಾಡಿದರೆ, ಎರಡು ದಿನದ ಬಿಡಾರಕ್ಕೆ ಯಾಕೆ ಅದೆಲ್ಲ ಎಂದು ಬಾಯಿ ಮುಚ್ಚಿಸಿದ್ದೆ. ಮೊಸರಿಗೂ ಹೆಪ್ಪು ಹಾಕಲಿಲ್ಲ. ನೀವು ಅಂಗಡಿಯ ಡಬ್ಬಿ ನೋಡಿದಾಗಲೆಲ್ಲ "ಇದು ಮೊಸರಲ್ಲ, ಸುಣ್ಣದ ನೀರ" ಎಂದು ಮುಖ ಸಿಂಡರಿಸುತ್ತಿದ್ದಿರಿ, ನಾನು ಕೇಳಿಸದವಳ ಹಾಗೆ ಇರುತ್ತಿದ್ದೆ. ಹೋಗುವವರಿಗೆ ಹೆಪ್ಪು ಯಾಕೆ, ಅದನ್ನು ಯಾರ ಕೈಗೆ ಒಪ್ಪಿಸಿ ಹೋಗುವುದು ಎಂಬ ಲೆಕ್ಕ ನನ್ನದು.

ನಿನ್ನೆ ಸಾಕ್ಷಿಯನ್ನು ಶಾಲೆಗೆ ಬಿಟ್ಟು ಮನೆಗೆ ತಿರುಗಬೇಕಾದ ಕಡೆ ತಿರುಗದೆ ದುಬೈಗೆ ಕಾರು ಬಿಟ್ಟೆ. ಬಯ್ಯಬೇಡಿ, ನಿಧಾನವಾಗಿಯೇ ಹೋದೆ. ಬರ್ ದುಬೈನ ಓಣಿಯಲ್ಲಿ ವಿಭೂತಿ ಗಟ್ಟಿ, ಒಂದು ಮೊಳ ಮಲ್ಲಿಗೆ ಕೊಂಡೆ. ಅಲ್ಲಿಯೇ ಒಂದು ಅಂಗಡಿಯಲ್ಲಿ ಸ್ಟೀಲಿನ ಸಣ್ಣ ತಪೇಲಿ ಕಂಡಿತು, ಅದನ್ನೂ ಕೊಂಡೆ, ಮನೆಯಲ್ಲಿ ಪಾತ್ರೆಗೇನು ಬರ ಅಂತ ನೀವು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಆಮೇಲೂ ಮನೆಗೆ ಬರಲು ಮನಸ್ಸಾಗಲಿಲ್ಲ. ಕಡವಿನಲ್ಲಿ ಅಬ್ರಾ ದೋಣಿ ನಿಂತಿತ್ತು, ಹತ್ತಿದೆ. ಆಚೆ ದಡದಲ್ಲಿ ನನಗೇನೂ ಕೆಲಸವಿರಲಿಲ್ಲ. ಇಳಿದು, ಅದೇ ದೋಣಿ ಹತ್ತಿ ಈಚೆಗೆ ಬಂದೆ. ದೋಣಿಯವನು ಏನಾದರೂ ಮರೆತಿರಾ ಎಂದು ಹಿಂದಿಯಲ್ಲಿ ಕೇಳಿದ, ಇಲ್ಲ ಎಂದೆ. ಸಂಜೆ ಈ ಕಥೆ ಕೇಳಿ ಸಾಕ್ಷಿ ಪುಸ್ತಕ ಮುಚ್ಚಿದಳು. "ಅಮ್ಮ, ಆರ್ ವಿ ಲೀವಿಂಗ್ ಆರ್ ನಾಟ್? ಜಸ್ಟ್ ಟೆಲ್ ಮಿ." ಅಪ್ಪನನ್ನು ಕೇಳು ಎಂದೆ. ಕೇಳಿದೆ, ಅಮ್ಮನನ್ನು ಕೇಳು ಅಂದರು ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಹುಟ್ಟಿದ್ದು ಎಡಿಸನ್ನಿನಲ್ಲಿ, ಗೆಳತಿಯರಿರುವುದು ಇಲ್ಲಿ, ರಜೆಗೆ ಹೋಗುವುದು ಗದಗಿಗೆ. ಆ ಹುಡುಗಿಗೆ ನಾವು ಒಂದು ಉತ್ತರವನ್ನಾದರೂ ಕೊಡಬೇಡವೇ?

ಈಗ ನೇರವಾಗಿ ಕೇಳುತ್ತೇನೆ. ನಿಮಗೆ ಅಲ್ಲಿಯೇ ಇರಬೇಕು ಎನಿಸಿದೆಯೇ? ಮೂರು ವಾರದಿಂದ ನನಗೆ ಇದೇ ಹೆದರಿಕೆ. ನಿಮ್ಮ ಹಳೆಯ ಕುರ್ಚಿ, ನಿಮ್ಮ ಗ್ಯಾರೇಜು, ಭಾನುವಾರ ಹುಲ್ಲು ಕತ್ತರಿಸಲು ಆ ಅಂಗಳ. ಇಲ್ಲಿ ನಿಮಗೆ ಪ್ಲಾಂಟು, ಕಾರು, ಮತ್ತೆ ಪ್ಲಾಂಟು. ಅನಿಸಿದ್ದರೆ ಹೇಳಿಬಿಡಿ, ಟ್ಯಾಕ್ಸು ಕಟ್ಟೋಣ, ನಾನೂ ಮಗಳೂ ಅಲ್ಲಿಗೇ ಬರುತ್ತೇವೆ, ಜಗತ್ತು ಮುಳುಗುವುದಿಲ್ಲ. ಆದರೆ ಅನಿಸಿಲ್ಲ, ಬರೀ ಆ ಅಕ್ಕಿ ಡಬ್ಬಿಗೆ ಕೈ ಬರುತ್ತಿಲ್ಲ ಅಂತಾದರೆ, ಅದು ನನ್ನ ಡಬ್ಬಿ, ನಾನೇ ಹೇಳುತ್ತೇನೆ ಕೇಳಿ. ಅಕ್ಕಿಯನ್ನು ಹಿತ್ತಲಿನ ಮೇಪಲ್ ಮರದ ಕೆಳಗೆ ಚೆಲ್ಲಿ. ಹುಳ ಬಿದ್ದಿದ್ದರೂ ಚಿಂತೆಯಿಲ್ಲ, ಹಕ್ಕಿಗಳಿಗೆ ಅದೇ ರುಚಿ. ಬೇಳೆಯೂ ಹಾಗೆಯೇ. ಉಪ್ಪನ್ನು ನೆಲಕ್ಕೆ ಬೀಳಿಸದೆ ನೀರಿನಲ್ಲಿ ಕರಗಿಸಿ ಬಿಡಿ. ಡಬ್ಬಿ ತೊಳೆದು ಒರೆಸಿ ಪೆಟ್ಟಿಗೆಗೆ ಹಾಕಿ. ಸಮೆಯನ್ನು ಕೈಚೀಲದಲ್ಲಿ ತನ್ನಿ, ಸಾಮಾನಿನಲ್ಲಿ ಹಾಕಬೇಡಿ. ದೇವರ ಮಾಡದಲ್ಲಿ ಎಣ್ಣೆಯ ಕಲೆ ಉಳಿದಿರುತ್ತದೆ, ಅದನ್ನು ಉಜ್ಜುತ್ತ ಕೂರಬೇಡಿ, ಬರುವವರಿಗೂ ಒಂದು ಗುರುತು ಇರಲಿ.

ಬೀಗ ಹಾಕುವಾಗ ಬಾಯಿಗೆ ಬರುವುದು ಬಂದೇ ಬರುತ್ತದೆ, ತಡೆಯಬೇಡಿ. ಬಾಗಿಲು ಮುಟ್ಟಿ "ಹೋಗಿ ಬರತೇವಿ" ಅನ್ನಿ. ಮನೆಗೆ ಹೇಳಿದ್ದನ್ನು ಟ್ಯಾಕ್ಸ್ ಆಫೀಸಿನವರು ಕೇಳಿಸಿಕೊಳ್ಳುವುದಿಲ್ಲ. ಅವರು ಕೇಳಿದಲ್ಲಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಬರೆಯುವ ಮೊದಲು ಅದು ಇದ್ದದ್ದು ಹೌದೋ ಅಲ್ಲವೋ ಎಂದು ನಿಮ್ಮನ್ನು ನೀವು ಕೇಳಿಕೊಳ್ಳಿ. ನಾನೂ ಈ ವಾರವೆಲ್ಲ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಎದುರುಮನೆಯ ಅಜ್ಜನಿಗೆ ನನ್ನ ನಮಸ್ಕಾರ ತಿಳಿಸಿ, ಮೂರು ವರ್ಷ ನಮ್ಮ ಗಿಡಗಳಿಗೆ ನೀರು ಹಾಕಿದ್ದಾರೆ. ಅವರ ಕೈಗೂ ಸ್ವಲ್ಪ ಚಟ್ನಿ ಕೊಡಿ, ಖಾರ ಎಂದು ಮೊದಲೇ ಹೇಳಿ ಕೊಡಿ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಸಾಕ್ಷಿಯ ಮುತ್ತುಗಳು ಇದರೊಳಗಿವೆ, ನಾಚಿಕೊಂಡು ಬರೆಯಲಾರೆ ಎನ್ನುತ್ತಾಳೆ.

ನಿಮ್ಮ,
ನೀಲಾ

ತಾ.ಕ.: ಝಹೀರ್ ಬಾಗಿಲಲ್ಲೇ ನಿಂತಿದ್ದಾನೆ, ಕಾರು ಚಾಲೂ ಇದೆ, "ಯಲ್ಲಾ ಅಕ್ಕ" ಎಂದು ಅವಸರ ಮಾಡುತ್ತಿದ್ದಾನೆ. ಐದು ನಿಮಿಷ ತಡೆಯಪ್ಪ ಎಂದು ನಿಲ್ಲಿಸಿದ್ದೇನೆ. ನಿನ್ನೆ ತಂದ ತಪೇಲಿಯಲ್ಲಿ ಈಗಷ್ಟೇ ಹಾಲು ಉಕ್ಕಿಸಿದೆ. ನೀವಿಲ್ಲದೆ ಮಾಡಬಾರದಿತ್ತು, ಗೊತ್ತು, ಆದರೆ ಇನ್ನು ತಡೆಯಲಾಗಲಿಲ್ಲ. ಸಾಕ್ಷಿ ಒಲೆಯ ಮುಂದೆ ನಿಂತು ನೋಡಿದಳು. ಉಕ್ಕಿ ಒಲೆಯ ತುಂಬ ಹರಿಯಿತು, ಸೀದ ವಾಸನೆ ಹಾಲ್‌ನವರೆಗೂ ಬಂದಿದೆ, ಇಲ್ಲಿ ಯಾವ ಅಲಾರಾಮೂ ಬಡಿಯಲಿಲ್ಲ. ಸೂಟ್‌ಕೇಸುಗಳ ಮೇಲಿನ ಕಸೂತಿಯ ಬಟ್ಟೆಯನ್ನು ಅವಳೇ ಎಳೆದು ತೆಗೆದಳು. ಒಂದೊಂದು ಲೋಟ ನಾವು ಕುಡಿದೆವು, ಉಳಿದದ್ದು ನಿಮ್ಮ ಪಾಲು, ಅದಕ್ಕೆ ರಾತ್ರಿ ಹೆಪ್ಪು ಹಾಕುತ್ತೇನೆ. ಹೆಪ್ಪು ಜಮೀಲಾ ಕೊಟ್ಟಿದ್ದಾಳೆ. ನೀವು ಬರುವ ದಿನ ಮನೆಯ ಮೊಸರು ಇರುತ್ತದೆ.